ಅಂಗೈಯಗಲದ ಮನೆ

ಈ ಸಲ ವಚನ ವಿವೇಚನೆಗೆ ಬದಲಾಗಿ ನನ್ನ ಬಿಡುವಿನ ವೇಳೆಯ ಹವ್ಯಾಸವೊಂದನ್ನು ನಿವೇದಿಸಿಕೊಳ್ಳುತ್ತಿದ್ದೇನೆ. ಅತಿಸಣ್ಣ ಗೊಂಬೆಮನೆಗಳ ರಚನೆಯೇ ಆ ಹವ್ಯಾಸ.

ಗೊಂಬೆಮನೆಗಳಲ್ಲಿ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆ ಪ್ರಸಿದ್ಧವಾದುದು. 1921ರಿಂದ 1924ರ ಅವಧಿಯಲ್ಲಿ ರೂಪುಗೊಂಡ ಅದರ ವಿನ್ಯಾಸಕಾರರು, ದೆಹಲಿಯ ರಾಷ್ಟ್ರಪತಿ ಭವನವನ್ನು ವಿನ್ಯಾಸಗೊಳಿಸಿದ ಎಡ್ವಿನ್ ಲುಟ್ಯೆನ್ಸ್ ಅವರೇ. ನಲ್ಲಿಯಲ್ಲಿ ನೀರು ಹರಿಯುವಂತೆ, ದೀಪ ಉರಿಯುವಂತೆ ಅದನ್ನು ರಚಿಸಲಾಗಿತ್ತು. ಅಲ್ಲಿ ನಿಜದ ಒಂದು ಅಡಿಗೆ ಒಂದು ಅಂಗುಲ. ನಾನು ಹಿಡಿದ ಅಳತೆ ಇನ್ನೂ ಕಿರಿದು: ಹನ್ನೆರಡು ಅಡಿಗೆ ಒಂದು ಅಂಗುಲ, ಅಂದರೆ 144ರಲ್ಲಿ ಒಂದು ಪಾಲು. ರಾಣಿಯ ಮನೆಯೊಳಗಿನ ಗೊಂಬೆಗೆ ಆಡಲು ಗೊಂಬೆಮನೆ ಬೇಕಾದರೆ ಈ ಅಳತೆ ಸರಿಹೋಗುತ್ತದೆ! ‘ಕಿರಿದು’ ಎಂಬುದಕ್ಕೆ ‘ಅಲ್ಪ’ ಎಂದು ಅರ್ಥ ಹೇಳುವುದು ನಮ್ಮಂಥವರಿಗೆ ಸುಲಭ. ಚಿಮಟ ಹಿಡಿದವನಿಗೆ ಹಾಗೆ ತೋರದು.

ನಾನು ಕಟ್ಟಿದ್ದು ಹಳೆಯ ಬಾಗಲಕೋಟೆಯ ನಮ್ಮ ಮನೆಯನ್ನು. ಆಲಮಟ್ಟಿಯ ಹಿನ್ನೀರು ಆವರಿಸಿದ ಮನೆಗಳಲ್ಲಿ ಅದೂ ಒಂದು. ಆಗ ನಾನು ಬಾಲಕ. ಉಳಿದಿರುವ ಎರಡು ಭಾವಚಿತ್ರಗಳಲ್ಲಿಯೂ ಮದುವೆಯ ಜನವೇ ತುಂಬಿ, ಗೋಡೆ ಕಾಣುವುದಿಲ್ಲ.

36 ಅಡಿ ಉದ್ದ, 24 ಅಡಿ ಅಗಲದ ಮನೆ ಮೂರು ಅಂಗುಲ, ಎರಡು ಅಂಗುಲಗಳಿಗೆ ಇಳಿಯಿತು. ಆದರೆ ಮನೆ ಕಿರಿದಾದಂತೆ ಪದಾರ್ಥವು ಕಿರಿದಾಗಲು ಒಪ್ಪುವುದಿಲ್ಲ. ಕಾಲು ಮಿಲಿಮೀಟರ್ ದಪ್ಪದ ಬಟ್ಟೆಯನ್ನು ಹಾಸಿದರೆ, ಆ ಮನೆಯವರ ಪಾಲಿಗೆ ಅದು 36 ಮಿಲಿಮೀಟರ್ ದಪ್ಪದ ಗಾದಿ! ತನ್ನ ಭಾರಕ್ಕೆ ಬಾಗುವ ಗುಣವನ್ನೂ ಅಷ್ಟು ಸಣ್ಣ ತುಣುಕು ಕಳೆದುಕೊಂಡಿರುತ್ತದೆ. ಆದ್ದರಿಂದ ತೆಳುಕಾಗದದ ಒಂದೇ ಪದರವನ್ನು ಸುಲಿದು, ಬಣ್ಣ ಹಚ್ಚಿ, ಒದ್ದೆಯಿರುವಾಗಲೇ ಸೂಜಿಯ ಮೊನೆಯಿಂದ ಬಾಗಿಸಿ ಕೌದಿ ಮಾಡಿದೆ. ತೇಗದ ಎಳೆಗಳು ಉಳುಮೆಯ ಸಾಲುಗಳಂತೆ ಕಂಡುದರಿಂದ ಕಂಬಗಳನ್ನು ರಟ್ಟಿನಲ್ಲಿ ಕೊರೆದೆ. ಅಂಟಿನ ಒಂದೇ ಹನಿ ದೇವರ ಜಗುಲಿಯನ್ನು ಮುಳುಗಿಸಿತು. ಅದನ್ನು ಎರಡು ಬಾರಿ ಹೊಸದಾಗಿ ಮಾಡಬೇಕಾಯಿತು.

ರಾಣಿಯ ಮನೆ ಹಿಂದೆಂದೂ ಎಲ್ಲಿಯೂ ಇರದಿದ್ದ ಮನೆ; ತಪ್ಪು ಹಿಡಿಯುವವರಿಲ್ಲ. ನನ್ನದಕ್ಕೆ ಅವ್ವ ಇದ್ದಳು. ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ ಹೇಳಿದಳು:

“ತಮ್ಮಾ, ಹೊಸ್ತಲಾ ಸಣ್ಣದಾತು. ನೀ ಅದನ್ನ ದಾಟಿದ ದಿವಸ ನಿಮ್ಮಜ್ಜಿ ಓಣಿಗೆಲ್ಲಾ ಸಕ್ಕರಿ ಹಂಚಿದ್ರು.”

ಅರ್ಧ ಅಡಿಯೆಂದು ಎಣಿಸಿ ನಾನು ಒಂದು ಮಿಲಿಮೀಟರ್ ಎತ್ತರ ಇಟ್ಟಿದ್ದೆ. ಎಷ್ಟಿತ್ತು ಎಂದು ಕೇಳಿದೆ. ಅವ್ವ ಎದ್ದು ನಿಂತು, ಮೊಣಕಾಲಿನ ಕೆಳಗೆ ಕೈಯಿಟ್ಟು ತೋರಿಸಿದಳು. ಅಳೆದೆ, ಒಂದು ಅಡಿ. ಆದ್ದರಿಂದ ಎರಡು ಮಿಲಿಮೀಟರ್. ಹಳೆಯ ಹೊಸ್ತಿಲನ್ನು ಕೀಳುವಾಗ ಬಾಗಿಲಿನ ಚೌಕಟ್ಟೂ ಕಿತ್ತು ಬಂದಿತು. ಈ ವಾರ ಅದರ ಕೆಲಸ ನಡೆದಿದೆ.