ದೌಹಿತ್ರನೊಡನೆ ದೇಶಾಂತರ

ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನು ತನ್ನ ಪರಿಚಯವನ್ನು ಹೇಳಿಕೊಳ್ಳುವಾಗ ತಂದೆಯ ಹೆಸರೊಂದಕ್ಕೇ ನಿಲ್ಲುವುದಿಲ್ಲ. ಮಲ್ಲಿಕಾರ್ಜುನನ ಮಗನೆಂದು ಹೇಳಿಕೊಳ್ಳುವ ಅವನು, ತಾನು ಕವಿ ಸುಮನೋಬಾಣನ ದೌಹಿತ್ರ, ಅಂದರೆ ಮಗಳ ಮಗ, ಎಂಬುದನ್ನೂ ಸೇರಿಸುತ್ತಾನೆ. ಸುಮನೋಬಾಣನ ಕೃತಿ ಯಾವುದೂ ನಮಗೆ ದೊರೆತಿಲ್ಲ. ಮಗ ಜನ್ನನೂ ಮೊಮ್ಮಗ ಕೇಶಿರಾಜನೂ ನೆನೆದದ್ದರಿಂದ ಅವನ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಉಳಿದಿದೆ. ಹದಿಮೂರನೆಯ ಶತಮಾನದ ಈ ಜೈನ ಮನೆತನದಲ್ಲಿ ತಾತನಿಂದ ಮೊಮ್ಮಗನಿಗೆ ವಿದ್ಯೆ ಹರಿದುಬಂದ ಬಗೆಯನ್ನು ಯಾರೂ ಬರೆದಿಟ್ಟಿಲ್ಲ. ಹರಿದುಬಂದಿತ್ತು ಎಂಬುದಕ್ಕೆ ವ್ಯಾಕರಣ ಗ್ರಂಥವೇ ಸಾಕ್ಷಿ.

ಕಿಬ್ಬನಹಳ್ಳಿಯ ನಿವೃತ್ತ ಕನ್ನಡ ಪಂಡಿತರೊಬ್ಬರು ಈ ಸಂಗತಿಯನ್ನು ಮೂವತ್ತು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಹೇಳಿದ್ದರು. ಎಪ್ಪತ್ತರ ಹತ್ತಿರ ಬಂದಾಗ ಅದು ಅವರಿಗೆ ಪಾಠದ ವಿಷಯವಾಗಿ ಉಳಿಯಲಿಲ್ಲ. ಬೆಂಗಳೂರಿನಲ್ಲಿರುವ ಮಗಳ ಮಗನಿಗೆ ಒಂಬತ್ತು ವರ್ಷ. ಮನೆಮಾತು ಕನ್ನಡವೇ ಆದರೂ ಓದುವಾಗ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಾನೆ. ತಾತನ ಕಪಾಟಿನಲ್ಲಿರುವ ಪುಸ್ತಕಗಳನ್ನು ಮುಂದೆ ತೆರೆಯುವವರು ಯಾರು ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರವಿರಲಿಲ್ಲ.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಿಸದವರು ಆ ಸೀಮೆಯಲ್ಲಿ ಕಡಿಮೆ. ತುಮಕೂರಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯನ್ನು ಚಿಕ್ಕನಾಯಕನಹಳ್ಳಿ–ತುರುವೇಕೆರೆಯ ರಸ್ತೆ ಅಲ್ಲಿ ದಾಟುತ್ತದೆ. ನಾಲ್ಕು ದಿಕ್ಕಿಗೂ ತೆಂಗಿನ ತೋಟಗಳು. ತೋಟದ ಕಾಯಿಯನ್ನು ಅಟ್ಟಕ್ಕೇರಿಸಿ ಎಂಟು–ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದದ್ದು ಇದೇ ಕೊಬ್ಬರಿ. ಪಂಡಿತರ ಮನೆಯ ಅಟ್ಟವೂ ಅಂಥದ್ದೇ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿರುವ ಮಗ ಬನ್ನಿರೆಂದು ಕರೆಯುತ್ತಲೇ ಇದ್ದ. ಎರಡು ವರ್ಷದ ಅಟ್ಟದ ಕೊಬ್ಬರಿಯ ದುಡ್ಡನ್ನು ಮುಟ್ಟದೆ ಇಟ್ಟುಕೊಂಡು, ಮೊಮ್ಮಗನ ಬೇಸಿಗೆ ರಜೆಯಲ್ಲಿ ಅವನನ್ನೂ ಜೊತೆಗೆ ಕರೆದುಕೊಂಡು ಹೊರಡುವುದೆಂದು ತಾತ ನಿಶ್ಚಯಿಸಿದರು.

ಆ ಸೀಮೆಯ ಶ್ರಾವಕರ ಮನೆಗಳಲ್ಲಿ ಮೊಮ್ಮಕ್ಕಳನ್ನು ನಿಟ್ಟೂರಿನ ಶಾಂತೀಶ್ವರ ಬಸದಿಗೋ ಶ್ರವಣಬೆಳಗೊಳಕ್ಕೋ ಕರೆದೊಯ್ಯುವುದು ಹಿರಿಯರ ಪಾಲಿಗೆ ಹೊಸದಲ್ಲ. ಬುತ್ತಿ ಕಟ್ಟಿಕೊಂಡರೆ ಸಾಕಾಗಿತ್ತು. ಈ ಯಾತ್ರೆಗೆ ಬೇಕಾದ ಕಾಗದಪತ್ರಗಳು ಮಾತ್ರ ಬೇರೆ: ತಂದೆತಾಯಿಯರಿಲ್ಲದೆ ಹೊರಡುವ ಬಾಲಕನಿಗೆ ಇಬ್ಬರ ಲಿಖಿತ ಒಪ್ಪಿಗೆ, ಜನನ ಪ್ರಮಾಣಪತ್ರ, ತಲೆಗೆ ಮೂವತ್ತು ಸಾವಿರ ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ. ವಿಮೆಯ ಮೊತ್ತವನ್ನು ಕೇಳಿದ ಅಜ್ಜಿ, "ಅಷ್ಟು ಬೆಲೆ ನನಗ್ಯಾರೂ ಕಟ್ಟಿರಲಿಲ್ಲ" ಎಂದರು.

ತಾತನ ಚೀಲದಲ್ಲಿ ಒಂದು ನೋಟುಪುಸ್ತಕವಿತ್ತು. ಯಾವ ದಿನ ಯಾವ ಊರು, ಅಲ್ಲಿ ಹುಡುಗನಿಗೆ ಹೇಳಬೇಕಾದದ್ದೇನು ಎಂಬುದನ್ನು ಪಾಠಯೋಜನೆಯಂತೆ ಬರೆದುಕೊಂಡಿದ್ದರು. ವಿಮಾನ ಬೆಂಗಳೂರನ್ನು ಬಿಟ್ಟು ಎರಡು ಗಂಟೆ ಕಳೆಯುವುದರೊಳಗೆ ಹುಡುಗ ಹದಿನಾಲ್ಕು ಸಲ ಎದ್ದು ಓಡಾಡಿದ್ದ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಮಂಡಿ ನೋವಿದ್ದ ಅಜ್ಜಿ ಅವನ ಹಿಂದೆ ಹೋಗುವುದನ್ನು ಬಿಟ್ಟು, ಅವನ ಅಂಗಿಯ ಬಣ್ಣವನ್ನಷ್ಟೇ ಕಣ್ಣಲ್ಲಿ ಇಟ್ಟುಕೊಳ್ಳುವ ಉಪಾಯವನ್ನು ಕಂಡುಕೊಂಡಿದ್ದರು.

ಮೊದಲ ಸಮಸ್ಯೆ ಸೂರ್ಯನದು. ಅಜ್ಜಿಗೆ ರಾತ್ರಿಭೋಜನ ತ್ಯಾಗದ ವ್ರತ. ಬೆಳಕಿಲ್ಲದ ಹೊತ್ತಿನಲ್ಲಿ ಅನ್ನದೊಡನೆ ಕಣ್ಣಿಗೆ ಕಾಣದ ಜೀವಗಳು ಹೋಗಬಾರದೆಂಬ ಅಹಿಂಸೆಯ ವಿವೇಕ ಅದರ ಹಿಂದಿದೆ. ಮೇ ತಿಂಗಳಲ್ಲಿ ಕಿಬ್ಬನಹಳ್ಳಿಯಲ್ಲಿ ಆರೂಮುಕ್ಕಾಲಿಗೆ ಮುಂಚೆ ಕೈ ತೊಳೆಯಬೇಕು. ಸ್ಟುಟ್‌ಗಾರ್ಟ್‌ನಲ್ಲಿ ಎಂಟೂವರೆಯಾದರೂ ಎದುರು ಮನೆಯ ಹೆಂಚಿನ ಮೇಲೆ ಬಿಸಿಲಿರುತ್ತಿತ್ತು. ಹುಡುಗ ಈ ಲಾಭವನ್ನು ಕೂಡಲೇ ಕಂಡುಕೊಂಡ. "ಅಜ್ಜಿ, ಇಲ್ಲಿ ಇನ್ನೊಂದ್ಸಲ ಊಟ ಮಾಡ್ಬೋದು ಕಣಜ್ಜಿ." ವ್ರತ ಅನುಸರಿಸುವುದು ಗಡಿಯಾರವನ್ನಲ್ಲ, ಸೂರ್ಯನನ್ನು ಎಂಬುದು ನಿಜವೇ. ಇದೇ ಊರಿನಲ್ಲಿ ಡಿಸೆಂಬರಿನ ಸೂರ್ಯ ನಾಲ್ಕೂವರೆಯ ಹೊತ್ತಿಗೇ ಮುಳುಗುತ್ತಾನೆ, ಆಗ ಏನು ಮಾಡುವೆ ಎಂದು ಸೋದರಮಾವ ಕೇಳಿದ. ಹುಡುಗ ಯೋಚಿಸಿ, "ಚಳಿಗಾಲದಲ್ಲಿ ಕಿಬ್ಬನಹಳ್ಳಿಗೆ ಹೋಗ್ತೀನಿ" ಎಂದ. ಅಜ್ಜಿ ಮಾತ್ರ ಏಳಕ್ಕೇ ಊಟ ಮುಗಿಸುತ್ತಿದ್ದರು. ತಮ್ಮ ಹೊಟ್ಟೆಗೆ ಊರಿನ ಸೂರ್ಯನೇ ಅಭ್ಯಾಸ ಎನ್ನುತ್ತಿದ್ದರು. ಅಂದಿನಿಂದ ಸಂಜೆಯಾಯಿತೆಂದರೆ ಹುಡುಗ ಬಾಲ್ಕನಿಗೆ ಓಡುವುದು, ಸೂರ್ಯ ಮರೆಯಾದೊಡನೆ ಒಳಗೆ ಬಂದು ಕೂಗಿ ಹೇಳುವುದು ದಿನಚರಿಯಾಯಿತು.

ಟ್ಯೂಬಿಂಗೆನ್ ತಾತನ ಯೋಜನೆಯ ಮುಖ್ಯ ಪಾಠ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಧಾರವಾಡಕ್ಕೆ ಬಂದವರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು; 1903ರಲ್ಲಿ ಅದೇ ಊರಿನಲ್ಲಿ ಅವರು ತೀರಿಕೊಂಡರು. ಜೈನ ಕವಿಗಳ ಲಕ್ಷಣಗ್ರಂಥಗಳನ್ನು ಒಬ್ಬ ಕ್ರೈಸ್ತ ಮಿಷನರಿ ಓಲೆಗರಿಯಿಂದ ಅಚ್ಚಿಗೆ ತಂದದ್ದನ್ನು ನೆನೆದಾಗಲೆಲ್ಲ ತಾತನಿಗೆ ಆ ಊರಿನಲ್ಲಿ ಒಮ್ಮೆ ನಡೆದಾಡಬೇಕೆನಿಸುತ್ತಿತ್ತು.

ನೆಕ್ಕರ್ ನದಿಯ ಸೇತುವೆಯ ಬಳಿ ನಿಂತು ಅವರು ಪಾಠ ಆರಂಭಿಸಿದರು. ಕೇಶಿರಾಜನಿಂದ ಕಿಟ್ಟೆಲರವರೆಗೆ ಬರುವಷ್ಟರಲ್ಲಿ ಹುಡುಗ ನದಿಯ ದಡದಲ್ಲಿದ್ದ. ಅಲ್ಲಿ ಉದ್ದನೆಯ ಗಳವನ್ನು ನೀರಿನ ತಳಕ್ಕೆ ಊರಿ ದೋಣಿ ನಡೆಸುತ್ತಾರೆ. "ತಾತ, ನಮ್ಮ ದೋಟಿ ತಂದಿದ್ರೆ ನಾನೂ ನಡೆಸ್ತಿದ್ದೆ" ಎಂದು ಕೆಳಗಿನಿಂದ ಕೂಗಿದ. ತಾತನ ಮುಖ ಸಣ್ಣದಾಯಿತು. ನಲವತ್ತು ವರ್ಷದ ಆಸೆ ಹತ್ತು ನಿಮಿಷವೂ ನಿಲ್ಲಲಿಲ್ಲವಲ್ಲ ಎಂದು ಅಂದು ರೈಲಿನಲ್ಲಿ ಅವರು ಅಜ್ಜಿಯೊಡನೆ ಹೇಳಿಕೊಂಡರು. ಕಿಟಕಿಯ ಬಳಿ ಜಿಗಿಯುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ತಿರುಗಿ ಕೇಳಿದ: "ತಾತ, ಕೇಶಿರಾಜನ ತಾತ ಅವನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿದ್ರಾ?" ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಅವರನ್ನು ಹಾಗೆ ಕೇಳಿರಲಿಲ್ಲ. "ಬರೆದಿಲ್ಲಪ್ಪ" ಎಂದರು. "ಹೋಗಿರ್ತಾರೆ ಬಿಡಿ" ಎಂದು ಹುಡುಗ ಮತ್ತೆ ಕಿಟಕಿಯ ಕಡೆ ತಿರುಗಿದ.

ಮರುದಿನ ತರಕಾರಿಗೆಂದು ಸೋದರಮಾವನೊಡನೆ ಎಲ್ಲರೂ ಅಂಗಡಿಗೆ ಹೋದರು. ಹಣ್ಣುಗಳ ಸಾಲಿನಲ್ಲಿ ನಾಲ್ಕಾರು ತೆಂಗಿನಕಾಯಿಗಳಿದ್ದವು. ಹುಡುಗ ಒಂದನ್ನೆತ್ತಿ ಕಿವಿಯ ಬಳಿ ಅಲ್ಲಾಡಿಸಿದ. ಕೆಳಗಿಟ್ಟು ಇನ್ನೊಂದನ್ನೆತ್ತಿದ. ಆಮೇಲೆ ತೀರ್ಪು ಕೊಟ್ಟ: "ಯಾವ್ದೂ ಗಿಟುಕಾಗಿಲ್ಲ ತಾತ. ಎಲ್ಲದ್ರಲ್ಲೂ ನೀರು ಕುಲುಕ್ತಿದೆ." ಪಕ್ಕದಲ್ಲಿದ್ದ ಮುದುಕಿಯೊಬ್ಬರು ಏನೆಂದು ವಿಚಾರಿಸಿದರು. ಅಟ್ಟದ ಕಾಯಿಯಲ್ಲಿ ನೀರಿನ ಸದ್ದು ಯಾವುದು, ಚಿಪ್ಪು ಬಿಟ್ಟ ತಿರುಳು ಗಡಗಡಿಸುವ ಸದ್ದು ಯಾವುದು ಎಂಬುದನ್ನು ಹುಡುಗ ಕೈಕಾಲುಗಳನ್ನೆಲ್ಲ ಬಳಸಿ ವಿವರಿಸಿದ. ಸೋದರಮಾವ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದ. ಆಕೆಯೂ ಒಂದು ಕಾಯಿಯನ್ನೆತ್ತಿ ಕಿವಿಗೆ ಹಿಡಿದು ನೋಡಿದರು.

ಇದನ್ನು ಹುಡುಗನಿಗೆ ಯಾರು ಕಲಿಸಿದರು ಎಂದು ತಾತ ಕೇಳಿದಾಗ ಅಜ್ಜಿ, "ಕಲಿಸೋದೇನು? ರಜಕ್ಕೆ ಬಂದಾಗ ಸುಮ್ಮನೆ ಕೂರಲಿ ಅಂತ ಅಟ್ಟ ಹತ್ತಿಸ್ತಿದ್ದೆ" ಎಂದರು. ಮಲಯಾಳದ 'ಕೊಪ್ಪರ' ಪೋರ್ಚುಗೀಸರ ನಾಲಗೆಯನ್ನು ಹತ್ತಿ ಯುರೋಪಿಗೆ ಬಂದು 'ಕೊಪ್ರ'ವಾದದ್ದು, ನಮ್ಮ 'ಕೊಬ್ಬರಿ' ಅದರ ದಾಯಾದಿಯೆಂಬುದು ತಾತನ ನೋಟುಪುಸ್ತಕದಲ್ಲಿ ಮೊದಲೇ ಇತ್ತು. ಆ ಪುಟದ ಕೆಳಗೆ ಅವರು ಅಂದು 'ಗಿಟುಕು' ಎಂದು ಬರೆದು, ಪಕ್ಕದಲ್ಲಿ ಮೊಮ್ಮಗನ ಹೆಸರನ್ನು ಹಾಕಿದರು.

ಮಲಯಾಳದ ಆ ಜಾಡಿನಲ್ಲಿಯೇ ಮುಂದಿನ ಊರೂ ಇತ್ತು. ಕಾಲ್ವ್ ಎಂಬುದು ನಾಗೋಲ್ಡ್ ನದಿಯ ದಡದ ಪುಟ್ಟ ಪಟ್ಟಣ. ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳವನ್ನು ಕಲಿತ ಹರ್ಮನ್ ಗುಂಡರ್ಟ್ 1859ರಲ್ಲಿ ಭಾರತವನ್ನು ಬಿಟ್ಟು ಇಲ್ಲಿಗೆ ಬಂದು ನೆಲೆಯಾದರು. ಅವರ ಮಲಯಾಳ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದೂ 1872ರಲ್ಲಿಯೇ. ಗುಂಡರ್ಟರ ಗೆಳೆಯ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡಿಗರಿಗೆ ಪತ್ರಿಕೆಯನ್ನು ಕೊಟ್ಟವರು. ತಲಶ್ಶೇರಿಯಲ್ಲಿ ಹುಟ್ಟಿದ ಗುಂಡರ್ಟರ ಮಗಳಿಗೆ 1877ರಲ್ಲಿ ಕಾಲ್ವ್‌ನಲ್ಲಿ ಜನಿಸಿದವನೇ 'ಸಿದ್ಧಾರ್ಥ'ದ ಲೇಖಕ, 1946ರ ನೊಬೆಲ್ ಪುರಸ್ಕೃತ ಹರ್ಮನ್ ಹೆಸ್ಸೆ. ಅವನೂ ದೌಹಿತ್ರನೇ.

ಹೆಸ್ಸೆ ಹಿಡಿತಕ್ಕೆ ಸಿಗದ ಹುಡುಗ. ಹದಿನಾಲ್ಕನೆಯ ವಯಸ್ಸಿನಲ್ಲಿ, 1892ರಲ್ಲಿ, ಮೌಲ್‌ಬ್ರಾನ್ ಮಠದ ಶಾಲೆಯಿಂದ ಓಡಿಹೋಗಿ ಸಿಕ್ಕಿಬಿದ್ದ. ಬಳಿಕ ತಾತನ ಕೋಣೆಗೆ ಅಂಜುತ್ತಲೇ ಹೋದಾಗ ಆ ವೃದ್ಧ ಪಂಡಿತರು ಗದರಿಸದೆ, ಅವನ ಓಟವನ್ನು ಪ್ರತಿಭಾವಂತರ ಸಣ್ಣ ಪ್ರವಾಸವೆಂಬಂತೆ ತಮಾಷೆಯಾಗಿ ಹೆಸರಿಸಿ ವಿಚಾರಿಸಿಕೊಂಡರಂತೆ. ಹೆಸ್ಸೆ ಅದನ್ನು ಮುಪ್ಪಿನಲ್ಲಿಯೂ ನೆನೆದು ಬರೆದ.

ಈ ಕಥೆಯನ್ನು ಹೆಸ್ಸೆ ಹುಟ್ಟಿದ ಮನೆಯ ಎದುರಿನ ಚೌಕದಲ್ಲಿ ಹೇಳಬೇಕೆಂದು ತಾತ ಇಟ್ಟುಕೊಂಡಿದ್ದರು. ಕನ್ನಡಕವನ್ನು ಒರೆಸಿಕೊಂಡು ತಲೆಯೆತ್ತಿದಾಗ ಹುಡುಗ ಇರಲಿಲ್ಲ. ಅಜ್ಜಿ ಹುಡುಕುತ್ತಿದ್ದ ಹಳದಿ ಅಂಗಿ ಚೌಕದ ಯಾವ ಮೂಲೆಯಲ್ಲಿಯೂ ಕಾಣಲಿಲ್ಲ. ಸೋದರಮಾವ ಒಂದು ಓಣಿಗೆ ಓಡಿದ. ತಾತ ಇನ್ನೊಂದರಲ್ಲಿ ಇಳಿದರು. ಅಜ್ಜಿ ಅಲ್ಲಿಯೇ ಕಲ್ಲಿನ ಮೇಲೆ ಕುಳಿತು ಪಂಚನಮಸ್ಕಾರ ಮಂತ್ರವನ್ನು ಹೇಳಿಕೊಳ್ಳತೊಡಗಿದರು. ಭಾಷೆ ಬಾರದ ಊರು, ಕೆಳಗೆ ಹೊಳೆ, ಬೆಂಗಳೂರಿನಲ್ಲಿ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿಕೊಟ್ಟ ಮಗಳು. ಇಪ್ಪತ್ತು ನಿಮಿಷಗಳಲ್ಲಿ ಪಾಠಯೋಜನೆಯ ಪುಟಗಳೆಲ್ಲ ತಾತನಿಗೆ ವ್ಯರ್ಥವಾಗಿ ಕಂಡವು.

ಹುಡುಗ ನದಿಯ ಹಳೆಯ ಕಲ್ಲುಸೇತುವೆಯ ಮೇಲಿದ್ದ. ಅಲ್ಲಿ ಆಳೆತ್ತರದ ಹೆಸ್ಸೆಯ ಕಂಚಿನ ಪ್ರತಿಮೆ ನಿಂತಿದೆ. ಅದರ ಪಕ್ಕದಲ್ಲಿ ತೋಳುಗಳನ್ನು ಇಳಿಬಿಟ್ಟು, ಎಂದೂ ಇಲ್ಲದಷ್ಟು ಅಲುಗಾಡದೆ ಅವನೂ ನಿಂತಿದ್ದ. ಏದುಸಿರು ಬಿಡುತ್ತ ಬಂದ ತಾತನ ಕೈ ಮೇಲೆದ್ದಿತ್ತು. ಹುಡುಗನ ಮುಖದಲ್ಲಿ ಭಯ ಕಂಡಿತು. ತಾನು ಹೇಳಬೇಕೆಂದಿದ್ದ ಕಥೆ ತಾತನಿಗೆ ಆ ಕ್ಷಣದಲ್ಲಿ ನೆನಪಾಯಿತು. ಕೈ ಇಳಿಸಿ, ಉಸಿರು ತಹಬಂದಿಗೆ ಬಂದ ಮೇಲೆ ಕೇಳಿದರು: "ಏನಪ್ಪ ಭರತ ಚಕ್ರವರ್ತಿ, ದಿಗ್ವಿಜಯ ಮುಗೀತಾ?"

ಹುಡುಗ ಅವರ ಮುಖವನ್ನೊಮ್ಮೆ, ಪ್ರತಿಮೆಯನ್ನೊಮ್ಮೆ ನೋಡಿದ. "ಇಲ್ಲಿ ಬಾಹುಬಲಿ ಸಿಕ್ಕಿಬಿಟ್ಟ ತಾತ" ಎಂದ. ಅಷ್ಟು ಹೇಳಿ ಅವರ ಪಂಚೆಯನ್ನು ಹಿಡಿದುಕೊಂಡು ಅತ್ತ.

ಭರತನ ದಿಗ್ವಿಜಯ ಯಾರೆದುರು ನಿಂತಿತೆಂಬುದು ಅವನಿಗೆ ಗೊತ್ತಿತ್ತು. ಅದನ್ನೂ ಯಾರೂ ಪಾಠವೆಂದು ಹೇಳಿಕೊಟ್ಟಿರಲಿಲ್ಲ. ಮಲಗುವಾಗ ಅಜ್ಜಿ ಹೇಳುತ್ತಿದ್ದ ಕಥೆ ಅದು. ಆ ಸಂಜೆ ತಾತ ನೋಟುಪುಸ್ತಕದ ಉಳಿದ ಪಾಠಗಳನ್ನು ಮುಂದುವರಿಸಲಿಲ್ಲ. ಹುಡುಗನೇ ಅದನ್ನು ತೆಗೆದುಕೊಂಡು ಹಿಂಬದಿಯಿಂದ ಏನೋ ಬರೆಯುತ್ತಿದ್ದ.

ಊರಿಗೆ ಮರಳಿದ ಮೇಲೆ ಅವರು ಅದನ್ನು ತೆರೆದು ನೋಡಿದರು. ಮೇಲೆ ಸೊಟ್ಟ ಅಕ್ಷರಗಳಲ್ಲಿ 'ಅಜ್ಜಿಗೆ' ಎಂದಿತ್ತು. ಒತ್ತಕ್ಷರ ಸರಿಯಾಗಿಯೇ ಇತ್ತು. ಅದರ ಕೆಳಗೆ ದಿನಕ್ಕೊಂದರಂತೆ ಸೂರ್ಯ ಮುಳುಗಿದ ಹೊತ್ತು: 8.42, 8.44, 8.45, ಹಾಗೆಯೇ ಏರುತ್ತ ಒಂಬತ್ತು ದಾಟಿತ್ತು. ಮೋಡ ಕವಿದಿದ್ದ ಎರಡು ದಿನಗಳ ಎದುರು 'ಕಾಣಲಿಲ್ಲ' ಎಂದು ಬರೆದಿದ್ದ. ಕೊನೆಯ ಸಾಲು ಕಿಬ್ಬನಹಳ್ಳಿಯದು: 6.41.