ಎದುರಾಳಿಯೇ ಎಚ್ಚರಿಸುವ ನದಿತೀರ

ಸತ್ತವರು ಎದ್ದು ನಡೆಯುವ ಕಥೆಗಳಿಗೆ ಕಿರುತೆರೆಯಲ್ಲಿ ಬೇಡಿಕೆ ದೊಡ್ಡದು. ಅಮೆರಿಕದ ‘ದಿ ವಾಕಿಂಗ್ ಡೆಡ್’ 2010ರಿಂದ 2022ರವರೆಗೆ ಓಡಿತು. 2022ರಲ್ಲೇ ಬಂದ ಕೊರಿಯಾದ ‘ಆಲ್ ಆಫ್ ಅಸ್ ಆರ್ ಡೆಡ್’ ಒಂದು ಹೈಸ್ಕೂಲಿನೊಳಗೆ ಸಿಕ್ಕಿಕೊಂಡ ಮಕ್ಕಳ ಕಥೆ. ನಡೆದಾಡುವ ಹೆಣಗಳಿಂದ, ಅಂದರೆ ‘ಜೋಂಬಿ’ಗಳಿಂದ ತಪ್ಪಿಸಿಕೊಳ್ಳುವುದು ಈ ಧಾರಾವಾಹಿಗಳ ಮೇಲಿನ ಕಥೆ. ಒಳಗಿನ ಕಥೆ ಬೇರೆಯೇ. ಅಳಿದುಳಿದ ಅನ್ನ, ನೀರು, ಆಸರೆಗಾಗಿ ಬದುಕುಳಿದವರೇ ಗುಂಪು ಕಟ್ಟಿಕೊಂಡು ಕಾದಾಡುತ್ತಾರೆ. ಕೊನೆಗೆ ಹೆಣಕ್ಕಿಂತ ಪಕ್ಕದವನೇ ಹೆಚ್ಚು ಭಯ ಹುಟ್ಟಿಸುತ್ತಾನೆ.

ಆಪತ್ತು ಬಂದಾಗ ಮನುಷ್ಯ ನಿಜಕ್ಕೂ ಹೀಗೆ ನಡೆದುಕೊಳ್ಳುತ್ತಾನೆಯೇ? ಉತ್ತರ ಹುಡುಕಲು ಪರದೇಶಕ್ಕೆ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನಲ್ಲಿರುವ ಚಿಕ್ಕೋಡಿ ಸೀಮೆಯನ್ನು ಎರಡು ದಿನ ಸುತ್ತಿದರೆ ಸಾಕು. ಇಲ್ಲಿ ಎರಡು ರಾಜ್ಯಗಳ ನಡುವೆ ನೆಲಕ್ಕಾಗಿ ಜಗಳವಿದೆ, ನೀರಿಗಾಗಿಯೂ ಜಗಳವಿದೆ. ಇವುಗಳ ನಡುವೆ ಆಗಾಗ ಮಹಾಪೂರವೂ ಬಂದು ಹೋಗುತ್ತದೆ.

ಮೂರು ನದಿ, ಒಂದು ಗಡಿ

ಪ್ರವಾಸವನ್ನು ನಿಪ್ಪಾಣಿಯಿಂದ ಆರಂಭಿಸುವುದು ಒಳ್ಳೆಯದು. ತಂಬಾಕು ಮತ್ತು ಬೀಡಿಗೆ ಹೆಸರಾದ ಈ ಊರು ಬೆಳಗಾವಿ–ಕೊಲ್ಹಾಪುರ ಹೆದ್ದಾರಿಯ ಮೇಲಿದೆ. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಬೆಳಗಾವಿ ಕರ್ನಾಟಕದಲ್ಲೇ ಉಳಿಯಬೇಕೆಂದಿತು. ನಿಪ್ಪಾಣಿಯನ್ನು ಮಾತ್ರ ಮಹಾರಾಷ್ಟ್ರಕ್ಕೆ ಕೊಡಲು ಹೇಳಿತು. ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಪಕ್ಕದ ಯಮಗರ್ಣಿ ಬಳಿ ಹರಿಯುವ ವೇದಗಂಗೆಗೆ ಮಾತ್ರ ಈ ವ್ಯಾಜ್ಯದ ಗೊಡವೆಯಿಲ್ಲ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಅದು ಹೆದ್ದಾರಿಯನ್ನೇ ಮುಚ್ಚಿತು. ಪುಣೆ–ಬೆಂಗಳೂರು ಸಂಚಾರ ನಿಂತುಹೋಯಿತು.

ಭೋಜ ಗ್ರಾಮದ ಹತ್ತಿರ ವೇದಗಂಗೆ ದೂಧಗಂಗೆಯನ್ನು ಸೇರುತ್ತದೆ. ದೂಧಗಂಗೆ ಮುಂದೆ ಸದಲಗಾ ಸೀಮೆಯನ್ನು ದಾಟಿ ಕೃಷ್ಣೆಗೆ ಕೂಡುತ್ತದೆ. ದಾರಿಯಲ್ಲಿ ಮಲಿಕವಾಡ–ದತ್ತವಾಡ ಸೇತುವೆ ಸಿಗುತ್ತದೆ. ಈಚೆ ಕರ್ನಾಟಕದ ಮಲಿಕವಾಡ, ಆಚೆ ಮಹಾರಾಷ್ಟ್ರದ ದತ್ತವಾಡ. ಜೋರು ಮಳೆಗಾಲದಲ್ಲಿ ಮೊದಲು ಮುಳುಗುವ ತಗ್ಗು ಸೇತುವೆಗಳಲ್ಲಿ ಇದೂ ಒಂದು. ಅದು ಮುಳುಗಿದರೆ ಎರಡೂ ದಂಡೆಯವರು ಸುತ್ತು ಹಾಕಬೇಕು.

ಲೆಕ್ಕ ಕಲಿಸುವ ಹೊಳೆ

ಅಲ್ಲಿಂದ ಕಲ್ಲೋಳ, ಯಡೂರಕ್ಕೆ ಬಂದರೆ ಕೃಷ್ಣೆಯ ದರ್ಶನ. ಯಡೂರದ ವೀರಭದ್ರನ ಗುಡಿಗೆ ಎರಡೂ ರಾಜ್ಯಗಳ ಭಕ್ತರು ಬರುತ್ತಾರೆ. ಇಲ್ಲಿನವರು ಹೊಳೆಯ ಮೇಲ್ದಿಕ್ಕಿನ ನರಸೋಬವಾಡಿಗೆ ಹೋಗುತ್ತಾರೆ. ಹೆಣ್ಣು ಕೊಟ್ಟು ತರುವ ಬೀಗತನಕ್ಕೂ ಗಡಿ ಅಡ್ಡ ಬಂದಿಲ್ಲ.

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಕರಾಡದಲ್ಲಿ ಕೊಯ್ನಾ, ಸಾಂಗ್ಲಿ ಹತ್ತಿರ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗೆ ಸೇರುತ್ತವೆ. ಆದುದರಿಂದ ಚಿಕ್ಕೋಡಿಯಲ್ಲಿ ಹನಿ ಮಳೆ ಬೀಳದಿದ್ದರೂ ಪೂರ ಬರಬಹುದು. ಕೊಯ್ನಾ ಅಣೆಕಟ್ಟಿನಲ್ಲಿ ಸುಮಾರು 105 ಟಿಎಂಸಿ ನೀರು ನಿಲ್ಲುತ್ತದೆ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಹೆಚ್ಚುಕಡಿಮೆ 2,831 ಕೋಟಿ ಲೀಟರ್. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಅದು ಒಂದು ಕ್ಯುಸೆಕ್.

ಶಾಲೆಗಳಲ್ಲಿ ಪಾಠವಾಗಿ ಕಲಿಯುವ ಈ ಲೆಕ್ಕ ಹೊಳೆಸಾಲಿನ ಹಳ್ಳಿಗಳಲ್ಲಿ ಬಾಯಿಪಾಠ. ಗಡಿಯಾಚೆಯ ರಾಜಾಪುರ ಬ್ಯಾರೇಜಿನಿಂದ ಬಂದದ್ದೆಷ್ಟು, ದೂಧಗಂಗೆಯಿಂದ ಬಂದದ್ದೆಷ್ಟು? ಎರಡನ್ನೂ ಕೂಡಿಸಿದರೆ ಕಲ್ಲೋಳದ ಹರಿವು. ಆ ಅಂಕಿ ನೋಡಿಕೊಂಡು ರೈತರು ದಂಡೆಯ ಪಂಪ್‌ಸೆಟ್ ಮೇಲಕ್ಕೆತ್ತುತ್ತಾರೆ, ದನಕರುಗಳನ್ನು ಬಿಚ್ಚುತ್ತಾರೆ, ಟ್ರ್ಯಾಕ್ಟರಿಗೆ ಕಾಳುಕಡಿ ಹೇರುತ್ತಾರೆ. ಜೀವ ಉಳಿಸುವ ಈ ಅಂಕಿಯ ದೊಡ್ಡ ಪಾಲು ಬರುವುದು ನೀರಿಗಾಗಿ ಜಗಳವಾಡುವ ಪಕ್ಕದ ರಾಜ್ಯದಿಂದಲೇ.

ಒಂದೇ ವರ್ಷದ ಎರಡು ಮುಖ

2019ರ ಬೇಸಿಗೆಯಲ್ಲಿ ಇದೇ ಕೃಷ್ಣೆ ಒಣಗಿ ಬಂಡೆ ಕಾಣಿಸಿತ್ತು. ಕೊಯ್ನಾದಿಂದ ನೀರು ಬಿಡಿ ಎಂದು ಕರ್ನಾಟಕ ಕೇಳಿಕೊಂಡಿತ್ತು. ಅಥಣಿಗೆ ಹೊಂದಿಕೊಂಡ ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲೂ ಬರ. ಅಲ್ಲಿನ ಕನ್ನಡ ಹಳ್ಳಿಗಳಿಗೆ ಕರ್ನಾಟಕ ನೀರು ಕೊಡಲಿ, ಬದಲಿಗೆ ಕೊಯ್ನಾದಿಂದ ಪಡೆಯಲಿ ಎಂಬ ಕೊಡುಕೊಳ್ಳುವ ಮಾತು ಬಹಳ ದಿನಗಳಿಂದ ನಡೆದಿದೆ. ಮೂರು ತಿಂಗಳೂ ಕಳೆದಿರಲಿಲ್ಲ, ಆಗಸ್ಟ್‌ನಲ್ಲಿ ಅದೇ ಹೊಳೆ ಊರೊಳಗೆ ಬಂತು. ಮಾಂಜರಿ, ಇಂಗಳಿಯಿಂದ ಕುಡಚಿ, ಉಗಾರದವರೆಗೆ ತೋಟಪಟ್ಟಿಗಳ ಜನ ಎತ್ತರದ ಶಾಲೆ, ಮಠ, ಸಮುದಾಯ ಭವನಗಳಿಗೆ ಸರಿದರು. ಕಬ್ಬು ನೀರಲ್ಲಿ ಕೊಳೆಯಿತು.

ನೀರು ಏರುವಾಗ ಜಾತಿ, ಪಕ್ಷ ಕೇಳದೆ ಕೈಜೋಡಿಸಿದ ಊರುಗಳಲ್ಲಿ ಪೈಪೋಟಿ ಕಾಣಿಸಿದ್ದು ನೀರು ಇಳಿದ ಮೇಲೆ. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಯಾರ ಮನೆ ಪೂರ್ತಿ ಬಿದ್ದದ್ದು, ಯಾರದು ಅರ್ಧ ಎಂಬ ಪಟ್ಟಿಯೇ ತಕರಾರಿನ ಮೂಲವಾಯಿತು. ಧಾರಾವಾಹಿ ಬರೆಯುವವರು ಇಲ್ಲಿಂದ ಒಂದು ಮಾತು ಕಲಿಯಬಹುದು: ಜಗಳಕ್ಕೆ ಆಪತ್ತಿಗಿಂತ ಹಂಚಿಕೆಯೇ ಹೆಚ್ಚು ಕಾರಣ.

ಮೇಲೆ ಕೊಯ್ನಾ, ಕೆಳಗೆ ಆಲಮಟ್ಟಿ

ರಾಜ್ಯಗಳ ಜಗಳವೂ ಹಂಚಿಕೆಯದೇ. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಇದರಿಂದ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆಂಬುದು ಮಹಾರಾಷ್ಟ್ರದ ಆಕ್ಷೇಪ. ಆದರೆ ಆ ರಾಜ್ಯವೇ ನೇಮಿಸಿದ್ದ ನಂದಕುಮಾರ್ ವಡ್ನೆರೆ ಸಮಿತಿ 2019ರ ಪೂರಕ್ಕೆ ಆಲಮಟ್ಟಿ ಕಾರಣವಲ್ಲ ಎಂದು 2020ರಲ್ಲಿ ಹೇಳಿತು. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ್ ಪಾಟೀಲ್ ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರೊಡನೆ ಕುಳಿತು, ಅಣೆಕಟ್ಟುಗಳ ಮಾಹಿತಿ ಹಂಚಿಕೊಳ್ಳುವ ಮಾತುಕತೆ ನಡೆಸಿದರು. ಮರು ತಿಂಗಳೇ ಪೂರ ಬಂತು. ಮಾತುಕತೆ ಮಳೆಯನ್ನು ತಡೆಯಲಾರದು. ಆದರೆ ಮೇಲಿನವರು ಬಿಡುವ ನೀರಿನ ಸುದ್ದಿ ಬೇಗ ಮುಟ್ಟಿದಷ್ಟೂ ಕೆಳಗಿನವರಿಗೆ ಮೇಲೇರಲು ಹೊತ್ತು ಸಿಗುತ್ತದೆ. ಎರಡು ಅಣೆಕಟ್ಟುಗಳ ನಡುವೆ ಬದುಕುವ ಚಿಕ್ಕೋಡಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

ನಿಪ್ಪಾಣಿಯಿಂದ ಚಿಕ್ಕೋಡಿಗೆ ಸುಮಾರು 25 ಕಿ.ಮೀ. ರೈಲಿನಲ್ಲಿ ಬರುವವರು ಬೆಳಗಾವಿ–ಮೀರಜ್ ಮಾರ್ಗದ ರಾಯಬಾಗ ಅಥವಾ ಕುಡಚಿಯಲ್ಲಿ ಇಳಿಯಬಹುದು. ಮಕ್ಕಳೊಂದಿಗೆ ಬರಲು ಚಳಿಗಾಲ ಸೂಕ್ತ. ಆಗ ಹೊಳೆ ಶಾಂತ, ಕಬ್ಬಿನ ಕಟಾವಿನ ಸಂಭ್ರಮವೂ ಉಂಟು. ಮಳೆಗಾಲದಲ್ಲಿ ನೀರು ಹತ್ತಿದ ಸೇತುವೆಯನ್ನು ದಾಟುವ ಸಾಹಸ ಬೇಡ.

ಧಾರಾವಾಹಿಯಲ್ಲಿ ಬದುಕುಳಿದವರು ಗೋಡೆ ಕಟ್ಟಿಕೊಂಡು ಒಳಗೆ ಕೂರುತ್ತಾರೆ. ಹರಿಯುವ ಹೊಳೆಗೆ ಗೋಡೆ ಕಟ್ಟಿ ಬದುಕಲಾಗದು. ಕೋರ್ಟಿನಲ್ಲಿ ಎದುರಾಳಿಯಾದವನನ್ನೇ ‘ಇವತ್ತು ಎಷ್ಟು ಬಿಟ್ರಿ?’ ಎಂದು ಕೇಳಲೇಬೇಕು. ಅವನು ನಿಜವನ್ನೇ ಹೇಳಬೇಕು. ಕೃಷ್ಣೆಯ ದಂಡೆಯ ಬದುಕು ನಿಂತಿರುವುದು ಈ ನಂಬಿಕೆಯ ಮೇಲೆ.