ಕಿವಿಗೆ ಹತ್ತಿ

ಸಂಗೀತವೆಂದರೆ ನನಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿ. ಎಂಜಿನಿಯರಿಂಗ್ ಎರಡನೆಯ ವರ್ಷದ ಮಗ ರಾಕ್ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಾನೆಂದು ತಿಳಿದ ದಿನ ಮನೆಯಲ್ಲಿ ಸಣ್ಣ ಭೂಕಂಪವೇ ಆಯಿತು. "ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ನುಡಿಸ್ತಿದೆ ಅಪ್ಪ. ರಘು ದೀಕ್ಷಿತ್ ಓದಿದ್ದು ಮೈಕ್ರೊಬಯಾಲಜಿ" ಎಂದು ಅವನ ವಾದ. "ಒಮ್ಮೆ ನೋಡಿ ಬಂದು ಬೇಡ ಅನ್ನಿ" ಎಂದಳು ನನ್ನಾಕೆ. ಬೇಡವೆನ್ನಲೆಂದೇ ಕಿವಿಗೆ ಹತ್ತಿ ತುರುಕಿಕೊಂಡು ಇಂದಿರಾನಗರದ ಪುಟ್ಟ ಕ್ಲಬ್ಬೊಂದಕ್ಕೆ ಹೋದೆ.

ನೂರು ಜನ ಹಿಡಿಸದ ಕೋಣೆ, ಕೂರಲು ಕುರ್ಚಿಯಿಲ್ಲ. ಮೂರು ತಂಡಗಳಲ್ಲಿ ಮಗನದು ಎರಡನೆಯದು. ಆರಂಭಕ್ಕೆ ಮೊದಲೇ ಸ್ಪೀಕರ್ 'ಗುಂಯ್' ಎಂದಿತು. ಮನೆಯಲ್ಲಿ ಬಲ್ಬು ಬದಲಿಸಲು ಹತ್ತು ಸಲ ಹೇಳಿಸಿಕೊಳ್ಳುವ ಹುಡುಗ ಮಂಡಿಯೂರಿ, ಒಂದೊಂದೇ ವೈರು ಬದಲಿಸಿ ನೋಡಿ, ಕೆಟ್ಟದ್ದನ್ನು ಪತ್ತೆ ಮಾಡಿದ. ಪ್ರಯೋಗಶಾಲೆಯಲ್ಲಿ ನಾನು ಗಂಟಲು ಹರಿದುಕೊಂಡು ಹೇಳುವ ಪಾಠವೇ ಅದು!

ಗಿಟಾರಿನ ಗುಟ್ಟೂ ನಮ್ಮ ಪಠ್ಯದ್ದೇ. ಉಕ್ಕಿನ ತಂತಿಯ ಕೆಳಗೆ ಆಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ತಂತಿ ಕಂಪಿಸಿದರೆ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವ. ಬಾಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದು ನನ್ನ ಎದೆಗೇ ತಾಕಿತು. ಹಾಡಿನ ಮಾತು ಒಂದೂ ತಿಳಿಯಲಿಲ್ಲ. ಆದರೆ ಮಗ ಡ್ರಮ್ಮಿನವನನ್ನೇ ನೋಡುತ್ತ ತಾಳ ತಪ್ಪದೆ ನಡೆಸಿದ್ದು ತಿಳಿಯಿತು.

ಹಿಂತಿರುಗುವಾಗ ಆಟೋದಲ್ಲಿ ಕೇಳಿದೆ, "ಕಿವಿ ಗುಂಯ್‌ಗುಡುತ್ತಾ?"

"ಬೆಳಗ್ಗೆ ಸರಿಹೋಗುತ್ತೆ ಅಪ್ಪ. ಯಾವಾಗ್ಲೂ ಹಾಗೇ."

ಆ 'ಯಾವಾಗ್ಲೂ' ನನ್ನನ್ನು ಹೆದರಿಸಿತು. ಕೆಲಸದ ಸ್ಥಳಗಳಿಗೆ ತಜ್ಞರು ಹಾಕಿರುವ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. 3 ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧ. 100ಕ್ಕೆ ಉಳಿಯುವುದು ಬರೀ 15 ನಿಮಿಷ! ಇಂಥ ಕೋಣೆಗಳಲ್ಲಿ ಸದ್ದು 100 ಮುಟ್ಟುವುದು ಅಪರೂಪವಲ್ಲ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಬೇಡವೆನ್ನಲು ಒಳ್ಳೆಯ ಕಾರಣವೇ ಸಿಕ್ಕಿತ್ತು. ಆದರೆ ಮಂಡಿಯೂರಿ ಕುಳಿತಿದ್ದ ಹುಡುಗ ಕಣ್ಣೆದುರಿಗೆ ಬಂದ, ನಾಲಗೆ ಏಳಲಿಲ್ಲ. ಮರುದಿನ ಇಯರ್‌ಪ್ಲಗ್ ತಂದೆ. ಹತ್ತಿ ಸಾಲದು. "ಇದಿಲ್ಲದೆ ನುಡಿಸಕೂಡದು, ಅಭ್ಯಾಸದಲ್ಲೂ" ಎಂದು ಅವನ ಕೈಗಿತ್ತೆ.

"ಎರಡು ಜೊತೆ ಇದೆಯಲ್ಲಪ್ಪ?"

"ಇನ್ನೊಂದು ನನಗೆ" ಎಂದೆ.